ಐನೋರ ಮೆಸ್ಸು ಮತ್ತು ಕೆರೆಯ ವಾಸನೆ

ಹೋದ ಭಾನುವಾರ ಮಧ್ಯಾಹ್ನ ನಮ್ಮ ಲೇಔಟಿನ ಹೊಸ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಬಿಸಿ ಸಾರಿನಿಂದ ಇಂಗಿನ ಘಮ ಏಳುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ವಾಸನೆ ಬಂತು. ಕೊಳೆತ ಮೊಟ್ಟೆಯದು ಅಂದರೆ ಅದೇ, ಕೊಳೆತ ಕೋಸಿನದು ಅಂದರೆ ಅದೂ ಹೌದು. ಪಕ್ಕದ ಟೇಬಲಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಗಂಡನಿಗೆ, "ಕೆರೆ ವಾಸ್ನೆ ಕಣ್ರೀ, ಬ್ಯಾಸ್ಗೆ ಬಂತಲ್ಲ" ಅಂದಳು. ಅವನು ಹೂಂಗುಟ್ಟಿ ಹಪ್ಪಳ ಮುರಿದ. ನಾನು ಬಾಯಿಯವರೆಗೆ ಬಂದಿದ್ದ ತುತ್ತನ್ನು ತಟ್ಟೆಗೆ ವಾಪಸ್ಸು ಹಾಕಿ, ಕಿಟಕಿ ಎಲ್ಲಿದೆ ಎಂದು ಹುಡುಕಿದೆ. ಕೆರೆಯ ಕಡೆಗೆ ಗೋಡೆಯಗಲ ಗಾಜಿತ್ತು. ತೆರೆಯುವಂಥ ಕಿಟಕಿ ಒಂದೂ ಇರಲಿಲ್ಲ.

ಆ ಗಾಜಿನ ಜಾಗದಲ್ಲಿ ಮೊದಲು ಸಾಲಾಗಿ ಕಿಟಕಿಗಳಿದ್ದವು. ಏನೇ ಆಗಲಿ ಅವನ್ನು ಮುಚ್ಚಬೇಡಿ ಎಂದು ನಾನು ಒಬ್ಬರಿಂದ ಒಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದೆ. ಅವರು ಈಗಿಲ್ಲ… ಅವರ ಹೆಸರು ಹಿಡಿದು ನಾವು ಯಾರೂ ಕರೆದವರಲ್ಲ. ಎಲ್ಲರಿಗೂ ಅವರು ಐನೋರು, ಅಷ್ಟೆ.

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ, ಊರು ಮುಗಿದು ಜೋಳದ ಹೊಲ ಶುರುವಾಗುವಲ್ಲಿ ಎಡಕ್ಕೆ ಒಂದು ಕೆರೆ ಸಿಗುತ್ತದೆ. ಅದರ ದಂಡೆಯಲ್ಲಿ ನಮ್ಮ ಲೇಔಟು. ಸೈಟು ಮಾರಿದವರು ಕೊಟ್ಟ ಬಣ್ಣದ ಹಾಳೆಯಲ್ಲಿ ನೀಲಿ ನೀರು, ಬಾತುಕೋಳಿ, ಗಾಜಿನ ಕಟ್ಟಡದೊಳಗೆ ಚಮಚ ಹಿಡಿದು ನಗುತ್ತಿರುವ ಗಂಡಹೆಂಡಿರು ಇದ್ದರು. ಕೆರೆ ನೋಡುತ್ತಾ ಊಟ ಮಾಡಿ ಅಂತ ಬರೆದಿತ್ತು. ನಾನೂ ನನ್ನ ಯಜಮಾನರೂ ಆ ಹಾಳೆ ನೋಡಿಯೇ ಬಿದ್ದವರು. ಹಾಳೆಯಲ್ಲಿದ್ದ ಆ ಕ್ಲಬ್ ಹೌಸಿಗೆ ಗೋಡೆ, ಸೂರು, ಕಿಟಕಿ ಬಂದವು, ಮಿಕ್ಕಿದ್ದು ಬರಲಿಲ್ಲ. ಮಾರಿದವರೂ ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ನಾವು ಬಂದ ಹೊಸದರಲ್ಲಿ ಕೆರೆಯಲ್ಲಿ ತಾವರೆ ಇತ್ತು, ಬೆಳ್ಳಕ್ಕಿ ಇಳಿಯುತ್ತಿದ್ದವು. ನಮ್ಮ ಮೋರಿ, ಪಕ್ಕದ ಲೇಔಟಿನ ಮೋರಿ, ಅದರಾಚೆಯದು ಎಲ್ಲ ಅದಕ್ಕೇ ಸೇರಿದ ಮೇಲೆ ಮೊದಲು ತಾವರೆ ಹೋಯಿತು, ಆಮೇಲೆ ಹಕ್ಕಿ ಹೋದವು. ಮಾಘ ಕಳೆದು ನೀರು ಇಳಿಯುತ್ತಿದ್ದಂತೆ ನಾತ ಏಳುತ್ತಿತ್ತು. ಮೊದಲ ವರ್ಷ ಜಗಳವಾಡಿದೆವು, ಎರಡನೇ ವರ್ಷ ಗೊಣಗಿದೆವು, ಮೂರನೇ ವರ್ಷ ಕಿಟಕಿ ಹಾಕಿಕೊಂಡು ಒಳಗೆ ಊದುಬತ್ತಿ ಹಚ್ಚುವುದನ್ನು ಕಲಿತೆವು.

ಊಟದ ವಿಷಯಕ್ಕೆ ಬಂದರೆ ನಮ್ಮದು ಅತ್ತ ಊರೂ ಅಲ್ಲದ ಇತ್ತ ಹಳ್ಳಿಯೂ ಅಲ್ಲದ ಪಾಡು. ಮುಖ್ಯರಸ್ತೆಯಲ್ಲಿ ಒಂದು ಮಿಲಿಟರಿ ಹೋಟೆಲು ಇತ್ತು. ಮುದ್ದೆ, ಬೋಟಿ ಗೊಜ್ಜು ಚೆನ್ನಾಗಿರುತ್ತಿತ್ತು, ಆದರೆ ಮಾಂಸ ತಿನ್ನದ ವಾರ ಬಂದರೆ ನಮ್ಮಂಥವರಿಗೆ ಅಲ್ಲಿ ಉಪ್ಪಿನಕಾಯಿಯೇ ಗತಿ. ಬೇಕರಿಯಲ್ಲಿ ಖಾರಾ ಬನ್ನು, ದಿಲ್‌ಪಸಂದು. ಏರಿಯ ಮೇಲೆ ಸಂಜೆ ಗೋಬಿ ಗಾಡಿ ನಿಲ್ಲುತ್ತಿತ್ತು. ಅವನು ತಟ್ಟೆ ತೊಳೆಯಲು ಕೆರೆಗೆ ಇಳಿದದ್ದನ್ನು ಕಂಡ ಮೇಲೆ ಅದೂ ತಪ್ಪಿತು. ಫೋನಿನಲ್ಲಿ ತರಿಸೋಣವೆಂದರೆ ಪಾರ್ಸಲ್ ತರುವವರು ದಾರಿ ತಪ್ಪಿ ಹೊಲದಲ್ಲಿ ನಿಂತು "ಎಲ್ಲಿದ್ದೀರಾ ಮೇಡಂ" ಅನ್ನುವಷ್ಟರಲ್ಲಿ ದೋಸೆ ಚಪ್ಪಲಿಯಾಗಿರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ನನ್ನ ಯಜಮಾನರಿಗೆ ಶುಂಠಿ ವ್ಯಾಪಾರ. ಅರಕಲಗೂಡು, ಕೊಣನೂರು ಅಂತ ಲಾರಿಯ ಹಿಂದೆ ತಿರುಗುತ್ತಿದ್ದರು, ಮನೆಗೆ ಬರುವುದು ವಾರಕ್ಕೊಂದೆರಡು ದಿನ. ಒಬ್ಬಳಿಗಾಗಿ ಒಲೆ ಹಚ್ಚುವಷ್ಟು ಭಕ್ತಿ ನನಗೆ ಅಡುಗೆಯ ಮೇಲೆ ಯಾವತ್ತೂ ಇರಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಹೀಗಿದ್ದಾಗ ನಮ್ಮ ಲೇಔಟಿನ ಸಂಘದ ಅಧ್ಯಕ್ಷರು ಐನೋರನ್ನು ಕರೆತಂದರು. ಅಧ್ಯಕ್ಷರು ಚನ್ನರಾಯಪಟ್ಟಣದ ಕಡೆಯ ದೊಡ್ಡ ಒಕ್ಕಲುಮನೆಯವರು, ಹಾಸನದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ದೊಡ್ಡ ಮೈ, ದೊಡ್ಡ ದನಿ, ಎಂಥ ಸಾವಿನ ಮನೆಯಲ್ಲೂ ಒಂದು ನಗೆಮಾತು ಹುಡುಕುವ ಬಾಯಿ. ಐನೋರು ಹೊಳೆನರಸೀಪುರದ ಹೊಳೆದಂಡೆಯ ಒಂದು ದೇವಸ್ಥಾನದಲ್ಲಿ ಅಡುಗೆಗಿದ್ದವರು. ಮಂಡಿ ಸೋತು ಮೆಟ್ಟಿಲು ಹತ್ತಲಾಗದೆ ಬಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅರ್ಧ ಕಟ್ಟಿದ ಕ್ಲಬ್ ಹೌಸಿನ ಒಂದು ಮೂಲೆಯಲ್ಲಿ ಅಡುಗೆಮನೆ, ಅದರ ಪಕ್ಕದ ಗೂಡಿನಂಥ ಕೋಣೆಯಲ್ಲಿ ಅವರ ಚಾಪೆ. ಕೆರೆಯ ಕಡೆಯ ದೊಡ್ಡ ಹಜಾರದಲ್ಲಿ ನಮಗೆ ಬೆಂಚು. ಅದೇ ಮೆಸ್ಸು.

ಸಣಕಲು ಮೈ, ಸೊಂಟಕ್ಕೆ ಬಿಗಿದ ಕೆಂಪು ಅಂಚಿನ ಪಂಚೆ, ಹೆಗಲ ಮೇಲೊಂದು ಚೌಕ. ಮಾತು ಕಮ್ಮಿ. ಅವರ ಅಡುಗೆಯಲ್ಲಿ ಒಂದು ವಿಚಿತ್ರವಿತ್ತು, ನಾನು ಮೊದಲ ವಾರವೇ ಕಂಡುಕೊಂಡೆ. ಅವರು ರುಚಿ ನೋಡುತ್ತಿರಲಿಲ್ಲ. ದೇವಸ್ಥಾನದ ಅಡುಗೆಯವರು ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಮುಟ್ಟಿಸುವಂತಿಲ್ಲವಲ್ಲ, ಆ ರೂಢಿಯನ್ನು ಮೆಸ್ಸಿಗೂ ತಂದಿದ್ದರು. ಬಗ್ಗಿ ಮೂಸುವುದೂ ಸಲ್ಲದು, ಮೂಸಿದರೆ ಅರ್ಧ ಉಂಡ ಹಾಗೆ. ಮುಚ್ಚಳ ತೆಗೆದು ನೆಟ್ಟಗೆ ನಿಂತುಕೊಳ್ಳುತ್ತಿದ್ದರು. ಹಬೆ ತಾನಾಗಿ ಮೇಲೆದ್ದು ಮೂಗಿಗೆ ತಾಗಿದರೆ ಅದು ತಪ್ಪಲ್ಲವಂತೆ. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಆಮೇಲೆ ಚಿಟಿಕೆ ಉಪ್ಪನ್ನೋ ಎರಡು ಎಸಳು ಕರಿಬೇವನ್ನೋ ಹಾಕಿ ಮುಚ್ಚುತ್ತಿದ್ದರು. ಮೊದಲ ಸೌಟು ಗೋಡೆಯ ಮೇಲಿನ ದೇವರ ಪಟದ ಮುಂದಕ್ಕೆ. ಗಂಟೆ ಬಾರಿಸಿದ ಮೇಲೆ ನಮಗೆ. ಬೆಂಚಿನ ಮೇಲೆ ಹಸಿದು ಕೂತ ನಮ್ಮ ಕಿವಿಯೆಲ್ಲ ಆ ಗಂಟೆಯ ಮೇಲೆ ಇರುತ್ತಿತ್ತು. ಒಂದು ದಿನಕ್ಕೂ ಉಪ್ಪು ಹೆಚ್ಚಲಿಲ್ಲ, ಹುಳಿ ಕಮ್ಮಿಯಾಗಲಿಲ್ಲ. ಅವರ ಮಾವಿನಕಾಯಿ ಗೊಜ್ಜಿಗಾಗಿ ನನ್ನ ಯಜಮಾನರು ಕೊಣನೂರಿನ ಸಂತೆ ದಿನವೂ ಬಸ್ಸು ಹಿಡಿದು ಬಂದದ್ದುಂಟು, ನನಗಾಗಿ ಬಂದೆ ಅಂತ ಸುಳ್ಳು ಹೇಳಿದ್ದೂ ಉಂಟು.

ಆಮೇಲೆ ಕೊರೊನಾ ಬಂತು. ಮೆಸ್ಸು ಮುಚ್ಚಿತು. ಐನೋರೂ ಮಲಗಿದರು. ಬಾಗಿಲ ಹೊರಗೆ ಗಂಜಿ ಇಟ್ಟು ಬರುತ್ತಿದ್ದೆವು, ಪಾತ್ರೆ ಖಾಲಿಯಾಗಿದ್ದರೆ ಇನ್ನೂ ಇದ್ದಾರೆ ಎಂದು ತಿಳಿಯುತ್ತಿದ್ದೆವು. ಉಳಿದರು. ಎಲ್ಲ ತಿಳಿಯಾದ ಮೇಲೆ ಮತ್ತೆ ಗಂಟೆ ಕೇಳಿಸಿದಾಗ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಆದರೆ ಮೊದಲ ದಿನದ ಸಾರಿನಲ್ಲೇ ಇಂಗು ಜಾಸ್ತಿ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಅನ್ನುತ್ತಾರೆ. ಅವತ್ತು ಉಂಡ ಅಧ್ಯಕ್ಷರ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗನೇ. ಆದರೆ ಬಾಯಿ ಬಿಡಲಿಲ್ಲ. ಯಾರೂ ಬಿಡಲಿಲ್ಲ. ನಮ್ಮ ಕಡೆ ಎಲೆಯ ಮುಂದೆ ಕೂತು ಅನ್ನವನ್ನು ಹಳಿಯುವುದಿಲ್ಲ. ತವರು ಹಳೇಕೋಟೆಯಲ್ಲಿ ನಮ್ಮವ್ವ ಚಿಕ್ಕಂದಿನಲ್ಲೇ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ ಮಾತು, "ಅನ್ನ ದೂರಬ್ಯಾಡ ಕಣವ್ವ, ಮುನಿಸ್ಕಂಡ್ರೆ ಮತ್ತೆ ಬರಾಕಿಲ್ಲ." ಮಾಡುವವರು ರುಚಿ ನೋಡುವುದಿಲ್ಲ, ಉಣ್ಣುವವರು ಬಾಯಿ ಬಿಡುವುದಿಲ್ಲ. ಒಂದು ದಿನ ಉಪ್ಪೇ ಇಲ್ಲದ ಪಲ್ಯ, ಇನ್ನೊಂದು ದಿನ ಹಳಸಿದ ಹುಳಿ. ಹಳಸಿದ್ದನ್ನು ಎಲ್ಲರೂ ಅನ್ನದೊಳಗೆ ಹೂತು, ಎಲೆ ಮಡಿಸಿ, ಚೆನ್ನಾಗಿತ್ತು ಐನೋರೆ ಅಂತ ಎದ್ದು ಹೋದರು.

ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಕಾಫಿಗೆಂದು ಹೋದೆ. ಗೇಟಿನ ಹತ್ತಿರವೇ ಸೀದ ವಾಸನೆ ಗಂಟಲಿಗೆ ಬಡಿಯಿತು. ಒಳಗೆ ಹೋದರೆ ಐನೋರು ಒಲೆಗೆ ಬೆನ್ನು ಹಾಕಿ ನಿಂತು ನೆಮ್ಮದಿಯಾಗಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಅವರ ಹಿಂದೆ ಹಾಲಿನ ಪಾತ್ರೆ ತಳ ಹಿಡಿದು ಕಪ್ಪಾಗಿತ್ತು. ನಾನು ಓಡಿಹೋಗಿ ಇಳಿಸಿದೆ. ಅವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ಬೆರಳನ್ನು ಮೂಗಿನ ಮೇಲೆ ಇಟ್ಟುಕೊಂಡರು.

"ಜ್ವರ ಹೋಯ್ತು ಮೇಡಂ. ಹೋಗುವಾಗ ಇದನ್ನೂ ತಗೊಂಡು ಹೋಯ್ತು," ಅಂದರು. "ದೇವರ ಮುಂದೆ ಏನು ಇಡ್ತಿದೀನೋ ನನಗೇ ತಿಳೀತಿಲ್ಲ."

ನಾನು ಬೈದೆ. ನನ್ನ ಬಾಯಿ ಹಾಗೆ. ರುಚಿ ನೋಡಿ ಮಾಡಿ, ದೇವರು ಏನೂ ಅಂದುಕೊಳ್ಳಲ್ಲ ಅಂದೆ. ಜನ್ಮವಿಡೀ ಮಾಡದೇ ಇದ್ದದ್ದನ್ನು ಈಗ ಮಾಡಿದರೆ ಕೈ ನಡುಗುತ್ತದೆ ಅಂದರು. ಡಾಕ್ಟರಿಗೆ ತೋರಿಸಿದ್ದರಂತೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂದಿದ್ದರಂತೆ. ಮೆಸ್ಸು ಬಿಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಬಿಟ್ಟರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು? ಆಗಲೂ ನಾನು ಯೋಚಿಸಿದ್ದು ಉಪ್ಪು, ಇಂಗು, ಹಾಲಿನ ಮಾತನ್ನಷ್ಟೆ. ನಿಜವಾದ ಭಯ ಆಮೇಲೆ ಬಂತು.

ಅದು ಬಂದದ್ದು ಶಿವರಾತ್ರಿ ಕಳೆದ ಮೇಲೆ, ಕೆರೆ ನಾರಲು ಶುರುವಾಗಿದ್ದಾಗ. ಶಾಲೆಯಿಂದ ಬಂದವಳು ಹಜಾರದ ಹೊಸ್ತಿಲಲ್ಲಿ ಮೂಗು ಮುಚ್ಚಿಕೊಂಡೆ. ಕೆರೆ ಅಂತಲೇ ಅಂದುಕೊಂಡೆ, ಯಾರಾದರೂ ಅಂದುಕೊಳ್ಳುತ್ತಿದ್ದರು. ಎರಡು ಹೆಜ್ಜೆ ಇಟ್ಟ ಮೇಲೆ, ಹಗ್ಗದ ಮೇಲೆ ಒಣಹಾಕಿದ್ದ ಐನೋರ ಪಂಚೆ ಕೆರೆಯ ಕಡೆಗೆ ಹಾರುತ್ತಿರುವುದು ಕಣ್ಣಿಗೆ ಬಿತ್ತು. ಗಾಳಿ ಹೊಲದಿಂದ ಕೆರೆಗೆ ಬೀಸುತ್ತಿದೆ. ಮತ್ತೆ ಈ ವಾಸನೆ ಎಲ್ಲಿಂದ? ಅಡುಗೆಮನೆಗೆ ನುಗ್ಗಿದೆ. ಗ್ಯಾಸ್ ಒಲೆಯ ಒಂದು ಗುಬುಟು ಅರ್ಧ ತಿರುಗಿತ್ತು, ಸುಯ್ ಅನ್ನುತ್ತಿತ್ತು. ಐನೋರು ಅದರ ಪಕ್ಕದಲ್ಲೇ ಮಣೆ ಹಾಕಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ದೇವರ ಮುಂದೆ ಹಚ್ಚಲು ದೀಪಕ್ಕೆ ಬತ್ತಿ ಹೊಸೆದು ಇಟ್ಟಿದ್ದರು, ಬೆಂಕಿಪೊಟ್ಟಣ ಪಕ್ಕದಲ್ಲೇ ಇತ್ತು… ಇನ್ನೂ ಹಚ್ಚಿರಲಿಲ್ಲ.

ಗುಬುಟು ತಿರುಗಿಸಿ ಮುಚ್ಚಿ, ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರಿಗೆ ವಿಷಯ ತಿಳಿದಾಗ ತುರಿಯುವ ಕೈ ನಿಂತಿತು. ಅವತ್ತೇ ನಾನು ಆಣೆ ಹಾಕಿಸಿದ್ದು. ಏನೇ ಆಗಲಿ, ಯಾರೇ ಹೇಳಲಿ, ಹಗಲು ಈ ಕಿಟಕಿಗಳನ್ನು ಮುಚ್ಚುವಂತಿಲ್ಲ. ಅವರು ಒಲೆಯ ಮೇಲೆ ಕೈಯಿಟ್ಟು, "ಆಯ್ತು ಮೇಡಂ, ಮುಚ್ಚಲ್ಲ" ಅಂದರು. ಅಡುಗೆಯವನಿಗೆ ಒಲೆಗಿಂತ ದೊಡ್ಡ ಆಣೆ ಇಲ್ಲ.

ಇದನ್ನೇನು ನಾನು ಗುಟ್ಟು ಮಾಡಲಿಲ್ಲ. ಅದೇ ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಐನೋರಿಗೆ ಮೂಗಿಲ್ಲ, ಸಿಲಿಂಡರನ್ನು ಹೊರಗಿಟ್ಟು ಒಳಗೆ ಪೈಪು ಎಳೆಸಿ, ಅಲ್ಲಿಯವರೆಗೂ ಕಿಟಕಿ ತೆರೆದಿರಲಿ. ಕೆರೆ ವಾಸನೆಗೂ ಗ್ಯಾಸಿನ ವಾಸನೆಗೂ ಹೆಚ್ಚು ವ್ಯತ್ಯಾಸವಿಲ್ಲ, ಅನುಮಾನ ಬಂದರೆ ಗಾಳಿ ಯಾವ ಕಡೆಯಿಂದ ಅಂತ ಮೊದಲು ನೋಡಿ ಅಂತಲೂ ಹೇಳಿದೆ. ಎಲ್ಲರೂ ತಲೆದೂಗಿದರು. ಅಧ್ಯಕ್ಷರು ಮಾತ್ರ ಬಿಡುತ್ತಾರೆಯೇ?

"ಕೆರೆ ಪಕ್ಕ ಮನೆ ಮಾಡ್ಕಂಡೋರ್ಗೆ ಮೂಗಿಲ್ದೆ ಇರಾದೇ ಭಾಗ್ಯ ಕಣಮ್ಮ ಟೀಚರಮ್ಮ. ಐನೋರು ಪುಣ್ಯವಂತ್ರು ಬುಡಿ."

ಸಭೆ ಗೊಳ್ಳೆಂದಿತು. ಐನೋರು ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು, ಅವರೂ ನಕ್ಕರು. ನಾನೂ ನಕ್ಕೆನೋ ಏನೋ, ನಗು ಬರುವಂಥ ಮಾತೇ ಅದು. ಪೈಪಿನ ಕೆಲಸ ಯುಗಾದಿ ಕಳೆದ ಮೇಲೆ ಅಂತ ತೀರ್ಮಾನವಾಯಿತು. ಅಂದರೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ ಇದು.

ಬಿಸಿಲು ಏರಿದಂತೆ ನಾತವೂ ಏರಿತು. ಊಟಕ್ಕೆ ಕೂತವರು ಒಬ್ಬೊಬ್ಬರಾಗಿ ಎದ್ದು ಕಿಟಕಿ ಎಳೆಯುತ್ತಿದ್ದರು. ಐನೋರು ಸೌಟು ಹಿಡಿದುಕೊಂಡೇ ಬಂದು, ಸದ್ದಿಲ್ಲದೆ ಮತ್ತೆ ತೆರೆಯುತ್ತಿದ್ದರು. ಅವರ ಮುಖದಲ್ಲಿ ಎಂಥ ಸಂಕೋಚ ಅಂದರೆ, ನೋಡಿದವರು ಇವರೇ ಏನೋ ಕದ್ದಿದ್ದಾರೆ ಅನ್ನಬೇಕು. ಉಣ್ಣಲು ಕೂತವರ ಮನಸ್ಸು ನೋಯಿಸಬಾರದು ಅನ್ನುವುದರಲ್ಲಿ ಬೆಳೆದ ಜೀವ ಅದು. ನಾನಿದ್ದ ದಿನ ನಾನೇ ಬಾಯಿ ಮಾಡುತ್ತಿದ್ದೆ. ನನ್ನನ್ನು ಕಂಡರೆ ಕಿಟಕಿಗೆ ಕೈ ಹಾಕಿದವರು ಕೈ ತೆಗೆಯುತ್ತಿದ್ದರು. ಶಾಲೆಯಲ್ಲಿ ಮಗ್ಗಿ ಒಪ್ಪಿಸದವರು ನನ್ನನ್ನು ಕಂಡರೆ ಹೀಗೇ ಮಾಡುತ್ತಾರೆ.

ಯುಗಾದಿಗೆ ನಾನೂ ಯಜಮಾನರೂ ಹಳೇಕೋಟೆಗೆ ಹೋದೆವು. ಮಾರನೆಯ ದಿನ ಹೊಸತೊಡಕು, ತವರಿನಲ್ಲಿ ಮರಿ ಕಡಿಯುತ್ತಾರೆ, ತಪ್ಪಿಸುವಂತಿಲ್ಲ. ಹೊರಡುವಾಗ ಮೆಸ್ಸಿನ ಮುಂದೆ ಆಟೋ ನಿಲ್ಲಿಸಿ ಇಣುಕಿದೆ. ಊರಿಗೆ ಹೋಗದೆ ಉಳಿದವರಿಗೆಲ್ಲ ಒಬ್ಬಟ್ಟಿನ ಊಟ ಅಂತ ಐನೋರು ಕಡಲೆಬೇಳೆ ಬೇಯಿಸಿ ಹೂರಣ ರುಬ್ಬುತ್ತಿದ್ದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. "ಕಿಟಕಿ ಐನೋರೆ" ಅಂದೆ. ಅವರು ಹೂರಣದ ಕೈಯನ್ನೇ ಎತ್ತಿ ಒಲೆಯ ಕಡೆ ತೋರಿಸಿ ನಕ್ಕರು. ನಾನು ಅವರನ್ನು ನೆಟ್ಟಗೆ ಕಂಡದ್ದು ಅದೇ ಕೊನೆ.

ಆಮೇಲಿನದು ಅಲ್ಲಿ ಉಂಡವರು ಹೇಳಿದ್ದು. ಹಬ್ಬವೆಂದು ಬೆಂಚು ಸರಿಸಿ ನೆಲದ ಮೇಲೆ ಸಾಲಾಗಿ ಬಾಳೆ ಎಲೆ ಹಾಕಿದ್ದರು. ಎಲ್ಲ ಒಲೆ ಆರಿಸಿ, ಪಾಯಸದ ಪಾತ್ರೆಯೊಂದನ್ನು ಮಾತ್ರ ಸಣ್ಣ ಉರಿಯ ಮೇಲೆ ಬಿಟ್ಟು ಐನೋರು ಬಡಿಸಲು ಬಂದರು. ಕೋಸಂಬರಿ, ಪಲ್ಯ, ಚಿತ್ರಾನ್ನ ಆಯಿತು. ಒಳಗೆ ಪಾಯಸ ಉಕ್ಕಿತು. ಉಕ್ಕಿದ್ದು ಉರಿಯನ್ನು ಆರಿಸಿತು. ಗುಬುಟು ಹಾಗೇ ಇತ್ತು. ಒಬ್ಬಟ್ಟಿನ ಸುತ್ತು ಬರುವ ಹೊತ್ತಿಗೆ ವಾಸನೆ ಹಜಾರಕ್ಕೆ ಬಂತು. ಮೂಗು ನೆಟ್ಟಗಿದ್ದ ಇಡೀ ಪಂಕ್ತಿಗೆ ವಾಸನೆ ಬಂತು. ಇಡೀ ಪಂಕ್ತಿ ಕೆರೆಗೆ ಶಾಪ ಹಾಕಿತು.

"ಐನೋರೆ, ಅಬ್ಬದ್ ದಿವ್ಸ ಈ ನಾತ ಕುಡ್ಕಂಡು ಒಬ್ಬಟ್ಟು ಎಂಗ್ ತಿನ್ನಾದು?" ಅಂದರಂತೆ ಅಧ್ಯಕ್ಷರು. "ಇವತ್ತೊಂದಿನ ಆ ಕಿಟ್ಕಿ ಹಾಕ್ಬುಡಿ. ಟೀಚರಮ್ಮ ಊರಲ್ಲಿಲ್ಲ."

ಐನೋರ ಕೈಯಲ್ಲಿ ತುಪ್ಪದ ಗಿಂಡಿ ಇತ್ತಂತೆ. ಇಷ್ಟೂ ದಿನ ಸೌಟು ಹಿಡಿದು ಬಂದು ಕಿಟಕಿ ತೆರೆಯುತ್ತಿದ್ದವರು, ಅವತ್ತು ಎಲೆಗಳ ಸಾಲನ್ನೊಮ್ಮೆ ನೋಡಿ, ಗಿಂಡಿ ಕೆಳಗಿಟ್ಟು, ಒಂದೊಂದಾಗಿ ಕಿಟಕಿ ಮುಚ್ಚುತ್ತಾ ಹೋದರಂತೆ. ಅಡುಗೆಮನೆಯದನ್ನೂ. ಅಲ್ಲಿಂದಲೇ ಹೆಚ್ಚು ಬರುತ್ತಿದೆ ಅಂತ ಯಾರೋ ಅಂದರಂತೆ, ನಿಜವಾದ ಮಾತೇ. ಆದರೂ ವಾಸನೆ ಕಮ್ಮಿಯಾಗಲಿಲ್ಲ. ಹಾಳು ಕೆರೆ, ಗೋಡೆ ತೂರಿ ಬರುತ್ತದೆ ಅಂದುಕೊಂಡು ಅವಸರದಲ್ಲಿ ಉಂಡು, ಮಜ್ಜಿಗೆ ಕುಡಿದು, ಕೈ ತೊಳೆದು ಎಲ್ಲರೂ ಹೊರಗೆ ಬಂದು ಎಲೆಅಡಿಕೆಗೆ ಕೂತರು. ಪಾಯಸ ಬಡಿಸುವುದು ಮರೆತುಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಐನೋರು ಎಲೆ ಎತ್ತಿ, ನೆಲ ಒರೆಸಿ, ಅವರಿಗೆಲ್ಲ ಕಾಫಿ ಕೊಡೋಣವೆಂದು ಒಳಗೆ ಹೋಗಿ ಲೈಟರ್ ಒತ್ತಿದರು.

ನನಗೆ ಫೋನು ಬಂದಾಗ ನಮ್ಮವ್ವ ನನ್ನ ಎಲೆಗೆ ಒಬ್ಬಟ್ಟು ಹಾಕುತ್ತಿದ್ದಳು.

ಆಸ್ಪತ್ರೆಯಲ್ಲಿ ಅವರನ್ನು ಸೊಳ್ಳೆಪರದೆಯೊಳಗೆ ಮಲಗಿಸಿದ್ದರು. ಮುಖವನ್ನು ನಾನು ಇಲ್ಲಿ ಬರೆಯುವುದಿಲ್ಲ. ದನಿ ಮಾತ್ರ ಅದೇ ಇತ್ತು, ಮಾತೂ ಅಷ್ಟೇ ಕಮ್ಮಿ. ನಾನು ಹೋದದ್ದು ಅಳಲಿಕ್ಕಲ್ಲ, ಬೈಯಲಿಕ್ಕೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಕುದಿಯುತ್ತಿದ್ದೆ. ಅಧ್ಯಕ್ಷರ ಮೇಲೆ, ಉಂಡವರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಇವರ ಮೇಲೆ. ಒಲೆ ಮುಟ್ಟಿ ಆಣೆ ಮಾಡಿದವರು ಹೇಗೆ ಮುಚ್ಚಿದಿರಿ ಅಂತ ಕೇಳಿಯೇಬಿಟ್ಟೆ.

"ಎಲೆ ಮುಂದೆ ಕೂತಿದ್ರು ಮೇಡಂ," ಅಂದರು. "ಹಬ್ಬದ ದಿನ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಆಮೇಲೆ ಇನ್ನೊಂದು ಮಾತು ಕೇಳಿದರು. ನೋವಿನ ಬಗ್ಗೆ ಇರಬಹುದೆಂದು ಪರದೆಯ ಹತ್ತಿರ ಬಗ್ಗಿದೆ.

"ಒಬ್ಬಟ್ಟು ಹೇಗಿತ್ತಂತೆ?"

ಅವತ್ತು ನಾನಿರಲಿಲ್ಲವಲ್ಲ. ಹೊರಗೆ ವರಾಂಡದಲ್ಲಿ ಲೇಔಟಿನ ಅರ್ಧ ಜನ ನಿಂತಿದ್ದರು. ಒಬ್ಬೊಬ್ಬರನ್ನೇ ಕೇಳಿದೆ, ಒಬ್ಬಟ್ಟು ಹೇಗಿತ್ತು ಅಂತ. ಏಲಕ್ಕಿ ಸರಿಯಾಗಿತ್ತೇ, ಸಿಹಿ ಹೆಚ್ಚಾಗಿತ್ತೇ, ಕಣಕ ಗಟ್ಟಿಯಾಗಿತ್ತೇ. ಯಾರಿಗೂ ನೆನಪಿರಲಿಲ್ಲ. ವಾಸನೆ ಎಷ್ಟಿತ್ತು ಅಂತ ಮಾತ್ರ ಎಲ್ಲರೂ ಹೇಳಿದರು. ಉಸಿರು ಬಿಗಿಹಿಡಿದು ನುಂಗಿದೆವು ಅಂದರು. ಅಧ್ಯಕ್ಷರು ಗೋಡೆಗೆ ಆತು ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಅಂಗಿಯ ಮೇಲೆ ಇನ್ನೂ ಬೂದಿಯಿತ್ತು. ಉರಿಯೊಳಗೆ ನುಗ್ಗಿ ಐನೋರನ್ನು ಎಳೆದು ತಂದವರು ಅವರೇ. ಅಂಗೈಗೆ ಪಟ್ಟಿ ಕಟ್ಟಿದ್ದರು. ನಾನು ಕೇಳುವ ಮೊದಲೇ ತಲೆಯೆತ್ತಿದರು.

"ತ್ವಾರಣ ಕೆರೆ ಕಡೀಕ್ ಆರ್ತಾ ಇತ್ತು ಟೀಚರಮ್ಮ," ಅಂದರು. "ಗಾಳಿ ಒಲದ್ ಕಡೆಯಿಂದ್ಲೇ ಬತ್ತಿತ್ತು. ನಾನು ನೋಡ್ದೆ. ನೋಡೂ ಅಂಗಂದ್ಬುಟ್ಟೆ."

ನಾನು ಒಳಗೆ ಹೋಗಿ, ಚೆನ್ನಾಗಿತ್ತಂತೆ ಐನೋರೆ, ಎಲ್ಲರೂ ಎರಡೆರಡು ಹಾಕಿಸಿಕೊಂಡರಂತೆ ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ಪಾತ್ರೆಯ ಮುಚ್ಚಳ ತೆಗೆದು ಹಬೆಗೆ ಕಾಯುವಾಗ ಹಾಗೇ ಮುಚ್ಚಿಕೊಳ್ಳುತ್ತಿದ್ದರು… ಆ ವಾರ ದಾಟಲಿಲ್ಲ.

ದೇಹವನ್ನು ಹೊಳೆನರಸೀಪುರಕ್ಕೆ ಒಯ್ದು 'ನಮ್ಮವರು' ಅಂತ ನಿಂತು ಎಲ್ಲ ಮಾಡಿಸಿದ್ದು ಅಧ್ಯಕ್ಷರು. ಅಲ್ಲಿಂದೀಚೆಗೆ ಅವರ ನಗೆಮಾತು ನಾನು ಕೇಳಿಲ್ಲ.

ಸುಟ್ಟ ಕ್ಲಬ್ ಹೌಸು ಬಹಳ ಕಾಲ ಹಾಗೇ ಇತ್ತು. ಈಚೆಗೆ ಹೊರಗಿನವರೊಬ್ಬರು ಅದನ್ನು ಹಿಡಿದು, ನೆಲಕ್ಕೆ ಕಲ್ಲು ಹಾಸಿ, ಎ.ಸಿ. ಕೂರಿಸಿ ಹೋಟೆಲು ಮಾಡಿದ್ದಾರೆ. ಬಣ್ಣದ ಹಾಳೆಯಲ್ಲಿದ್ದ ಗಾಜಿನ ಕಟ್ಟಡ ಕೊನೆಗೂ ಬಂತು. ಉತ್ತರದ ಊಟ, ದಕ್ಷಿಣದ ಊಟ, ಚೈನೀಸು, ಎಲ್ಲ ಸಿಗುತ್ತದೆ. ಕೆರೆಯ ನಾತ ಒಳಗೆ ಬರುವುದಿಲ್ಲ ಅನ್ನುವುದೇ ಅದರ ಹೆಗ್ಗಳಿಕೆ. ಹೊಸಬರು ತುಂಬ ಬಂದಿದ್ದಾರೆ. ಐನೋರ ಮೆಸ್ಸು ಅಂದರೆ ಅವರಿಗೆ ಗೊತ್ತಿಲ್ಲ.

ಹೋದ ಭಾನುವಾರ ಆ ಗಾಜಿನೊಳಗೆ ವಾಸನೆ ಬಂತು ಅಂದೆನಲ್ಲ. ಕಿಟಕಿ ಹುಡುಕಿ ಸೋತ ನನ್ನ ಕಣ್ಣು ಬಾಗಿಲ ಪಕ್ಕದ ಟೇಬಲಿಗೆ ಹೋಯಿತು. ಅಲ್ಲಿ ಅಧ್ಯಕ್ಷರು ಕೂತಿದ್ದರು, ಅವರು ಎಲ್ಲಿ ಹೋದರೂ ಬಾಗಿಲ ಪಕ್ಕವೇ ಕೂರುವುದು. ಅವರೂ ತುತ್ತು ಇಳಿಸಿ ತಲೆಯೆತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಒಟ್ಟಿಗೇ ಎದ್ದೆವು. ಎಂಜಲು ಕೈಯಲ್ಲೇ ಅಡುಗೆಮನೆಗೆ ನುಗ್ಗಿದ ನಮ್ಮನ್ನು ಕಂಡು ಅಲ್ಲಿದ್ದವನು ಗಾಬರಿಯಾದ. ಅಧ್ಯಕ್ಷರು ಸಾಲಾಗಿದ್ದ ಒಲೆಗಳ ಗುಬುಟುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಎಲ್ಲ ಉರಿಯೂ ನೆಟ್ಟಗಿತ್ತು. ಆಮೇಲೆ ಅವನ ಮುಖದ ಹತ್ತಿರ ಹೋಗಿ ಕೇಳಿದರು.

"ಮೂಗು ಸರ್ಯಾಗಿ ಐತೇನಪ್ಪ ನಿಂಗೆ?"

"ಐತೆ ಸಾ," ಅಂದ ಅವನು, ಯಾವ ಹುಚ್ಚರ ಕೈಗೆ ಸಿಕ್ಕಿದೆ ಅನ್ನುವ ಹಾಗೆ.

ಹಿಂಬಾಗಿಲಿನಿಂದ ಏರಿಯ ಮೇಲೆ ಬಂದು ನಿಂತೆವು. ಎದುರಿಗೆ ಹಸಿರು ಕಟ್ಟಿದ ನೀರು, ಅಂಚಿನಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನು. ಗಾಳಿ ಕೆರೆಯಿಂದ ನೇರವಾಗಿ ಮುಖಕ್ಕೆ ಬೀಸುತ್ತಿತ್ತು. ಅಧ್ಯಕ್ಷರು ಕಣ್ಣು ಮುಚ್ಚಿ ಆ ನಾತವನ್ನು ಎದೆ ತುಂಬ ಎಳೆದುಕೊಂಡರು, ಇನ್ನೊಮ್ಮೆ ಎಳೆದುಕೊಂಡರು.

"ಕೆರೇನೇ ಕಣಮ್ಮ," ಅಂದರು. "ಇವತ್ತು ಕೆರೇನೇ."

ನಾನೂ ಎಳೆದುಕೊಂಡೆ. ಹೌದು, ಕೆರೆಯೇ. ಗಾಜಿನಾಚೆ ಜನ ಮೂಗು ಮುಚ್ಚಿಕೊಂಡು ಊಟ ಮುಂದುವರಿಸಿದ್ದರು, ಒಬ್ಬರೂ ಎದ್ದಿರಲಿಲ್ಲ. ನಮ್ಮಿಬ್ಬರ ತಟ್ಟೆ ಮಾತ್ರ ಟೇಬಲಿನ ಮೇಲೆ ಆರುತ್ತಿತ್ತು. ಐನೋರು ಇದ್ದಿದ್ದರೆ, ಅರ್ಧ ಊಟದಲ್ಲಿ ಎದ್ದು ಬಂದದ್ದಕ್ಕೆ ಬಹಳ ನೊಂದುಕೊಳ್ಳುತ್ತಿದ್ದರು.